ನಮ್ಮ ಮಾರಿಯೋ ನಿಧಾನವಾಗಿ ಓಡುತ್ತಿದ್ದ

ಬಾಲ್ಯದ ಆಟಗಳನ್ನು ಹೊಸ ಗೇಮ್ ಕನ್ಸೋಲ್‌ಗೆ ಹಾಕಿಕೊಂಡು ಕೂತವರಿಗೆ ಮೊದಲ ಐದು ನಿಮಿಷದಲ್ಲೇ ಏನೋ ಸರಿಯಿಲ್ಲ ಅನ್ನಿಸುವುದುಂಟು. ಮಾರಿಯೋ ತೀರಾ ಜೋರಾಗಿ ಓಡುತ್ತಾನೆ. ಸಂಗೀತವೂ ಅವಸರದಲ್ಲಿರುತ್ತದೆ. ಬೆರಳಿಗೆ ಬಾಯಿಪಾಠವಾಗಿದ್ದ ಲೆಕ್ಕದಲ್ಲಿ ಜಿಗಿದರೆ ನೇರ ಹೊಂಡಕ್ಕೆ. ವಯಸ್ಸಾಯಿತು, ಇನ್ನು ಕೈ ಓಡುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಇದರಲ್ಲಿ ವಯಸ್ಸಿನದೇನೂ ತಪ್ಪಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಗಳಂಥ ಎಲೆಕ್ಟ್ರಾನಿಕ್ಸ್ ಬೀದಿಗಳಿಂದ ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್‌ಗಳು ನಿಜವಾಗಿಯೂ ನಿಧಾನವಾಗಿದ್ದವು. ಆರರಲ್ಲಿ ಒಂದು ಪಾಲು ನಿಧಾನ. ಆ ವೇಗವನ್ನು ಹಾಗೇ ಮರಳಿ ಪಡೆಯಲು ಸಾಧ್ಯವಿದೆ, ಅದಕ್ಕೆ ಒಂದು ಸ್ವಿಚ್ ಕೂಡ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ಆಟವನ್ನು ಕನ್ಸೋಲ್‌ಗೆ ಹಾಕಿಕೊಳ್ಳುವ ಕೆಲಸ ಆಗಬೇಕಲ್ಲ, ಅಲ್ಲಿಂದಲೇ ಶುರು ಮಾಡೋಣ.

ಹಳೆಯ ಯಂತ್ರವೊಂದರ ಚಿಪ್‌ಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಹೊಸ ಯಂತ್ರದ ಮೇಲೆ ಸಾಫ್ಟ್‌ವೇರ್ ಆಗಿ ಮಾಡಿಸುವ ಪ್ರೋಗ್ರಾಂಗೆ ಎಮ್ಯುಲೇಟರ್ ಎನ್ನುತ್ತಾರೆ. ಕಂಪ್ಯೂಟರ್, ಫೋನ್, ಎಲ್ಲದರಲ್ಲೂ ಅದು ನಡೆಯುತ್ತದೆ. ಆದರೂ ಈ ಆಟಗಳ ಜಾಗ ಟಿವಿಯ ಮುಂದೆ, ನೆಲದ ಮೇಲೆ, ಕೈಯಲ್ಲಿ ಕಂಟ್ರೋಲರ್ ಹಿಡಿದು. ಹಾಗಾಗಿ ಹಾಲ್‌ನಲ್ಲಿ ಟಿವಿಯ ಕೆಳಗೆ ಆಗಲೇ ಕೂತಿರುವ ಕನ್ಸೋಲ್ ಇದಕ್ಕೆ ಒಳ್ಳೆಯ ಮನೆ. ತೊಂದರೆಯೆಂದರೆ, ಹೆಚ್ಚಿನ ಕನ್ಸೋಲ್‌ಗಳು ಹೊರಗಿನ ಸಾಫ್ಟ್‌ವೇರ್ ಅನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವುಗಳ ಭದ್ರತೆಯಲ್ಲಿ ಎಲ್ಲೋ ಬಿರುಕು ಹುಡುಕಿ ನುಗ್ಗಬೇಕು. ಮುಂದಿನ ಅಪ್‌ಡೇಟ್‌ನಲ್ಲಿ ಆ ಬಿರುಕು ಮುಚ್ಚುತ್ತದೆ, ಆನ್‌ಲೈನ್ ಖಾತೆಯೇ ರದ್ದಾಗುವ ಭಯ ಬೇರೆ. ಇದಕ್ಕೆ ಹೊರತಾಗಿ ನಿಲ್ಲುವುದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್. 2020ರ ನವೆಂಬರ್ 10ರಂದು ಭಾರತದಲ್ಲೂ ಬಿಡುಗಡೆಯಾದ ಸೀರೀಸ್ ಎಸ್ ಮತ್ತು ಸೀರೀಸ್ ಎಕ್ಸ್ ಎರಡರಲ್ಲೂ ಡೆವಲಪರ್ ಮೋಡ್ ಎಂಬ ಬಾಗಿಲನ್ನು ಕಂಪನಿಯೇ ಇಟ್ಟಿದೆ. ತಾವು ಬರೆದ ಪ್ರೋಗ್ರಾಂ ಅನ್ನು ಪರೀಕ್ಷಿಸಲು ಬಯಸುವವರಿಗೆಂದು ಇಟ್ಟ ಬಾಗಿಲದು. ಪೆಟ್ಟಿಗೆ ಬಿಚ್ಚಬೇಕಿಲ್ಲ, ಬೆಸುಗೆ ಹಾಕಬೇಕಿಲ್ಲ, ಬಿರುಕು ಹುಡುಕಬೇಕಿಲ್ಲ.

ಸಾಮಾನ್ಯ ಮೋಡ್‌ನಲ್ಲೇ ಎಮ್ಯುಲೇಟರ್ ಓಡಿಸುವ ಒಳದಾರಿಗಳೂ ಕೆಲಕಾಲ ಇದ್ದವು. 2023ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅವನ್ನು ಮುಚ್ಚಿತು. ಡೆವಲಪರ್ ಮೋಡ್‌ನ ತಂಟೆಗೆ ಹೋಗಲಿಲ್ಲ. ಹೊಸದಾಗಿ ಶುರು ಮಾಡುವವರು ಈ ಹೆದ್ದಾರಿಯನ್ನೇ ಹಿಡಿಯುವುದು ಮೇಲು.

ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್‌ನ ಹೆಸರು ರೆಟ್ರೋಆರ್ಕ್. 2010ರಲ್ಲಿ ಬೇರೊಂದು ಹೆಸರಿನಲ್ಲಿ ಹುಟ್ಟಿ, 2012ರಲ್ಲಿ ಈ ಹೆಸರು ಪಡೆದ ಮುಕ್ತ ತಂತ್ರಾಂಶವಿದು, ಉಚಿತ. ಇದು ತಾನೇ ಎಮ್ಯುಲೇಟರ್ ಅಲ್ಲ. ಚಿತ್ರ, ಧ್ವನಿ, ಕಂಟ್ರೋಲರ್, ಮೆನು ಇವನ್ನೆಲ್ಲ ನೋಡಿಕೊಳ್ಳುವ ಚೌಕಟ್ಟು. ಒಂದೊಂದು ಹಳೆಯ ಯಂತ್ರದ ಎಮ್ಯುಲೇಟರ್ ಇದರೊಳಗೆ 'ಕೋರ್' ಆಗಿ ಬಂದು ಕೂರುತ್ತದೆ. ನಿಂಟೆಂಡೊಗೆ ಮೆಸೆನ್, ನೆಸ್ಟೋಪಿಯ, ಎಫ್‌ಸಿಇಯುಎಂಎಂ. ಸೆಗಾದ ಮೆಗಾ ಡ್ರೈವ್‌ಗೆ ಜೆನೆಸಿಸ್ ಪ್ಲಸ್ ಜಿಎಕ್ಸ್. ಮೊದಲ ಪ್ಲೇಸ್ಟೇಷನ್‌ಗೆ ಬೀಟಲ್ ಪಿಎಸ್‌ಎಕ್ಸ್. ಒಂದೇ ಯಂತ್ರಕ್ಕೆ ಹಲವು ಕೋರ್‌ಗಳೇಕೆ ಎನ್ನುವುದಕ್ಕೆ ಉತ್ತರ ಮುಂದೆ ತಾನಾಗಿಯೇ ಸಿಗುತ್ತದೆ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಮೈಕ್ರೋಸಾಫ್ಟ್‌ನ ಪಾರ್ಟ್ನರ್ ಸೆಂಟರ್‌ನಲ್ಲಿ ಡೆವಲಪರ್ ಎಂದು ನೋಂದಣಿ. ಅಮೆರಿಕದಲ್ಲಿ ವ್ಯಕ್ತಿಗತ ಖಾತೆಗೆ ಒಮ್ಮೆ ಮಾತ್ರ ಕಟ್ಟುವ ಶುಲ್ಕ ಬಹುಕಾಲ ಸುಮಾರು 19 ಡಾಲರ್ ಇತ್ತು. ಶುಲ್ಕದ ನಿಯಮ ಕಾಲಕಾಲಕ್ಕೆ ಬದಲಾಗುವುದರಿಂದ ನೋಂದಾಯಿಸುವ ದಿನವೇ ನೋಡಿಕೊಳ್ಳಬೇಕು. ಆಮೇಲೆ ಕನ್ಸೋಲ್‌ನ ಸ್ಟೋರ್‌ನಿಂದ ಎಕ್ಸ್‌ಬಾಕ್ಸ್ ಡೆವ್ ಮೋಡ್ ಎಂಬ ಆ್ಯಪ್ ಇಳಿಸಿಕೊಂಡು ತೆರೆದರೆ ಪರದೆಯ ಮೇಲೊಂದು ಸಂಕೇತ ಮೂಡುತ್ತದೆ. ಅದನ್ನು ಪಾರ್ಟ್ನರ್ ಸೆಂಟರ್‌ನ ಎಕ್ಸ್‌ಬಾಕ್ಸ್ ಸಾಧನಗಳ ಪುಟದಲ್ಲಿ ತುಂಬಿದರೆ ಕನ್ಸೋಲ್ ನಿಮ್ಮ ಖಾತೆಗೆ ಸೇರುತ್ತದೆ. ಒಂದು ಅಪ್‌ಡೇಟ್ ಇಳಿದು, ಮರುಚಾಲನೆಯಾಗಿ, ಪರಿಚಿತ ಹೋಮ್ ಪರದೆಯ ಜಾಗದಲ್ಲಿ ಡೆವ್ ಹೋಮ್ ಎಂಬ ಬೋಳು ಪರದೆ ಬರುತ್ತದೆ. ಗಾಬರಿ ಬೇಡ, ನೀವು ಕೊಂಡ ಆಟಗಳು ಎಲ್ಲೂ ಹೋಗಿಲ್ಲ. ಈ ಮೋಡ್‌ನಲ್ಲಿ ಅವು ಓಡುವುದಿಲ್ಲ, ಅಷ್ಟೆ. ವಾಪಸು ಹೋಗುವ ಗುಂಡಿ ಅಲ್ಲೇ ಇದೆ. ಅದನ್ನು ಒತ್ತುವಾಗ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳನ್ನು ಅಳಿಸಬೇಕೇ ಎಂದು ಕೇಳುತ್ತದೆ, ಬೇಡ ಎನ್ನಿ.

ಡೆವ್ ಹೋಮ್‌ನಲ್ಲಿ ದೂರ ಸಂಪರ್ಕದ ಸೆಟ್ಟಿಂಗ್‌ಗೆ ಹೋಗಿ ಡಿವೈಸ್ ಪೋರ್ಟಲ್ ಅನ್ನು ಚಾಲೂ ಮಾಡಿ, ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡಬೇಕು. ಅಲ್ಲೇ ನಿಮ್ಮ ಮನೆಯ ವೈಫೈನಲ್ಲಿ ಕನ್ಸೋಲ್‌ನ ವಿಳಾಸ ಕಾಣುತ್ತದೆ, ಕೊನೆಯಲ್ಲಿ 11443 ಎಂಬ ಪೋರ್ಟ್ ಸಂಖ್ಯೆಯೊಂದಿಗೆ. ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಬರೆದರೆ ಬ್ರೌಸರ್ ಎಚ್ಚರಿಕೆ ಕೊಡುತ್ತದೆ: ಈ ತಾಣದ ಪ್ರಮಾಣಪತ್ರ ನಂಬುವಂಥದ್ದಲ್ಲ ಎಂದು. ತನ್ನ ಪ್ರಮಾಣಪತ್ರಕ್ಕೆ ಕನ್ಸೋಲ್ ತಾನೇ ಸಹಿ ಹಾಕಿಕೊಂಡಿರುವುದರಿಂದ ಈ ಎಚ್ಚರಿಕೆ. ಮನೆಯೊಳಗಿನ ವಿಳಾಸವಾದ್ದರಿಂದ ಮುಂದುವರಿಯಬಹುದು. ಬೇರೆ ಕಡೆ ಹೀಗೆ ಮುಂದುವರಿಯುವ ಅಭ್ಯಾಸ ಮಾತ್ರ ಬೇಡ. ಪೋರ್ಟಲ್ ತೆರೆದಾಗ 'ಆ್ಯಡ್' ಒತ್ತಿ, ರೆಟ್ರೋಆರ್ಕ್‌ನ ಎಕ್ಸ್‌ಬಾಕ್ಸ್ ಪ್ಯಾಕೇಜನ್ನು ಎಳೆದು ಹಾಕಿ. ಮುಂದಿನ ಹಂತದಲ್ಲಿ ಅದು ಅವಲಂಬಿಸಿರುವ ವಿಸಿ-ಲಿಬ್ಸ್ ಫೈಲನ್ನೂ ಸೇರಿಸಬೇಕು. ಇದನ್ನು ಬಿಟ್ಟರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ.

ಇನ್ನೊಂದು ಸಣ್ಣ ಹೆಜ್ಜೆಯನ್ನು ಬಹಳ ಮಂದಿ ದಾಟಿಬಿಡುತ್ತಾರೆ. ಹೊರಗಿನಿಂದ ಬಂದ ಪ್ರೋಗ್ರಾಂ ಅನ್ನು ಎಕ್ಸ್‌ಬಾಕ್ಸ್ 'ಆ್ಯಪ್' ಎಂದೇ ಭಾವಿಸುತ್ತದೆ. ಆ್ಯಪ್‌ಗೆ ಸಿಗುವ ಮೆಮೊರಿ 1 ಗಿಗಾಬೈಟ್. 'ಗೇಮ್' ಎಂದು ಗುರುತಿಸಿದ್ದಕ್ಕೆ 5 ಗಿಗಾಬೈಟ್, ಜೊತೆಗೆ ಗ್ರಾಫಿಕ್ಸ್ ಚಿಪ್‌ನ ಪೂರ್ಣ ಶಕ್ತಿ. ಡೆವ್ ಹೋಮ್‌ನಲ್ಲಿ ರೆಟ್ರೋಆರ್ಕ್ ಮೇಲೆ ನಿಂತು ವ್ಯೂ ಬಟನ್ ಒತ್ತಿ, ವಿವರಗಳಿಗೆ ಹೋಗಿ, ಬಗೆಯನ್ನು ಗೇಮ್ ಎಂದು ಬದಲಿಸಬೇಕು. ಹೊಸ ಆವೃತ್ತಿ ಹಾಕಿದಾಗಲೂ ಇದನ್ನು ಮತ್ತೆ ಪರಿಶೀಲಿಸುವುದು ಒಳ್ಳೆಯದು. ಆಟಗಳ ಫೈಲುಗಳನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿಡಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಆ ಡ್ರೈವ್‌ನ ಪ್ರಾಪರ್ಟೀಸ್ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ 'ಆಲ್ ಅಪ್ಲಿಕೇಶನ್ ಪ್ಯಾಕೇಜಸ್' ಎಂಬ ಬಳಕೆದಾರರನ್ನು ಸೇರಿಸಿ ಪೂರ್ಣ ಅನುಮತಿ ಕೊಡಬೇಕು. ಇಲ್ಲದಿದ್ದರೆ ಡ್ರೈವ್ ಕಾಣುತ್ತದೆ, ಒಳಗೆ ಏನೂ ಕಾಣುವುದಿಲ್ಲ. ಕೊನೆಗೆ ರೆಟ್ರೋಆರ್ಕ್‌ನ ಹಾಟ್‌ಕೀ ಸೆಟ್ಟಿಂಗ್‌ನಲ್ಲಿ ಎರಡೂ ಜಾಯ್‌ಸ್ಟಿಕ್‌ಗಳನ್ನು ಒಟ್ಟಿಗೆ ಒಳಕ್ಕೆ ಒತ್ತಿದರೆ ಮೆನು ಬರುವಂತೆ ಮಾಡಿಕೊಳ್ಳಿ. ಆಟದ ನಡುವೆ ಹೊರಬರಲು ಅದೇ ದಾರಿ.

ಇಲ್ಲಿಗೆ ಇನ್‌ಸ್ಟಾಲ್ ಮುಗಿಯಿತು. ಆಟ ಓಡುತ್ತದೆ. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ, ನನಗೆ ಬೇಸರವಾಗುವುದೂ ಇಲ್ಲೇ. ರೆಟ್ರೋಆರ್ಕ್‌ನ ಮೆನುವಿನಲ್ಲಿ ತಲೆಬುಡ ತಿಳಿಯದ ನೂರಾರು ಆಯ್ಕೆಗಳಿವೆ ಎಂದು ಗೊಣಗುತ್ತೇವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಯಂತ್ರವೊಂದರ ಬಗ್ಗೆ ಯಾರೋ ವರ್ಷಗಟ್ಟಲೆ ಕೂತು ಕಂಡುಹಿಡಿದ ಸತ್ಯಗಳು.

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ನಾವು ಆಡಿದ ಟಿವಿ ಗೇಮ್‌ಗಳ ಮೂಲ ಅದೇ. ಅದರ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ 2 ಕಿಲೋಬೈಟ್. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟ ಇಡಿಯಾಗಿ 40 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣವಷ್ಟೇ ಬೇರೆ. ಪರದೆಯ ಮೇಲ್ಭಾಗದಲ್ಲಿ ಅಂಕ, ನಾಣ್ಯ, ಸಮಯ ತೋರಿಸುವ ಪಟ್ಟಿ ಅಲುಗಾಡದೆ ನಿಂತಿರುತ್ತದೆ, ಕೆಳಗಿನ ಲೋಕ ಮಾತ್ರ ಸರಿಯುತ್ತದೆ. ಹೀಗೆ ಪರದೆಯನ್ನು ಎರಡು ಭಾಗ ಮಾಡುವ ಸೌಲಭ್ಯ ಆ ಯಂತ್ರದಲ್ಲಿ ನೇರವಾಗಿ ಇರಲೇ ಇಲ್ಲ. ಆಟ ಬರೆದವರು ಒಂದು ಉಪಾಯ ಹೂಡಿದರು. ಪಟ್ಟಿಯಲ್ಲಿರುವ ಪುಟ್ಟ ನಾಣ್ಯದ ಚಿತ್ರದ ತಳಕ್ಕೆ ಸರಿಯಾಗಿ ಒಂದು ಸ್ಪ್ರೈಟ್, ಅಂದರೆ ಹಿನ್ನೆಲೆಯ ಮೇಲೆ ಎಲ್ಲಿ ಬೇಕಾದರೂ ಇಡಬಹುದಾದ ಪುಟ್ಟ ಚಿತ್ರವೊಂದನ್ನು, ಅಡಗಿಸಿಟ್ಟರು. ಟಿವಿಯ ಕಿರಣ ಮೇಲಿನಿಂದ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಾ ಆ ಬಿಂದುವಿಗೆ ಬಂದೊಡನೆ ಚಿತ್ರದ ಚಿಪ್ ಒಂದು ಗುರುತು ಎತ್ತಿ ಹಿಡಿಯುತ್ತದೆ. ಅಷ್ಟು ಹೊತ್ತೂ ಪ್ರೊಸೆಸರ್ ಬೇರೆ ಕೆಲಸ ಬಿಟ್ಟು ಆ ಗುರುತಿಗಾಗಿಯೇ ಕಾಯುತ್ತಿರುತ್ತದೆ. ಕಂಡ ತಕ್ಷಣ ಕೆಳಗಿನ ಭಾಗವನ್ನು ಸರಿಸತೊಡಗುತ್ತದೆ.

ಎಮ್ಯುಲೇಟರ್ ಬರೆಯುವವರ ಪಾಡನ್ನು ಈ ನಾಣ್ಯದಿಂದ ಊಹಿಸಬಹುದು. ಪ್ರೊಸೆಸರ್‌ನ ಒಂದು ಮಿಡಿತಕ್ಕೆ ಚಿತ್ರದ ಚಿಪ್ ಮೂರು ಬಿಂದು ಮುಂದೆ ಹೋಗುತ್ತದೆ. ಈ ತಾಳ ತಪ್ಪಿದರೆ ಮೇಲಿನ ಪಟ್ಟಿ ನಡುಗುತ್ತದೆ. ಗುರುತು ಏಳದೇ ಹೋದರೆ ಆಟ ಅಲ್ಲೇ ಕಲ್ಲಾಗುತ್ತದೆ. ಬರೀ ಫಲಿತಾಂಶವನ್ನು ಅನುಕರಿಸಿದರೆ ಸಾಲದು, ಎರಡು ಚಿಪ್‌ಗಳ ನಡುವಿನ ಕಾಲಗಣನೆಯನ್ನೂ ಅನುಕರಿಸಬೇಕು. ಅದಕ್ಕಾಗಿಯೇ ಅಷ್ಟು ಪುಟ್ಟ ಯಂತ್ರದ ನಿಷ್ಠಾವಂತ ಅನುಕರಣೆಗೆ ಅದರ ನೂರಾರು ಪಟ್ಟು ವೇಗದ ಪ್ರೊಸೆಸರ್ ಬೇಕಾಗುತ್ತದೆ. ವೇಗಕ್ಕಾಗಿ ಈ ಲೆಕ್ಕವನ್ನು ಸಡಿಲ ಮಾಡಿಕೊಂಡ ಕೋರ್‌ಗಳೂ ಇವೆ, ಹಳೆಯ ಫೋನ್‌ಗಳಿಗೆ ಅವು ಅನುಕೂಲ. 3.6 ಗಿಗಾಹರ್ಟ್ಸ್‌ವರೆಗೆ ಓಡುವ ಸೀರೀಸ್ ಎಸ್‌ಗೆ ಆ ರಿಯಾಯಿತಿ ಬೇಕಿಲ್ಲ. ಮೆಸೆನ್ ಆರಿಸಿಕೊಳ್ಳಿ.

ಈಗ ನಮ್ಮ ನಿಧಾನದ ವಿಷಯ. ಜಪಾನ್ ಮತ್ತು ಅಮೆರಿಕದ ಟಿವಿಗಳು ಎನ್‌ಟಿಎಸ್‌ಸಿ ಪದ್ಧತಿಯವು, ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುತ್ತಿತ್ತು. ಭಾರತದ್ದು ಪ್ಯಾಲ್, ಸೆಕೆಂಡಿಗೆ 50 ಸಲ. ಆ ಕಾಲದ ಆಟಗಳಲ್ಲಿ ಎಲ್ಲದಕ್ಕೂ ಗಡಿಯಾರ ಈ ಚಿತ್ರ ಬದಲಾವಣೆಯೇ. ಚಿತ್ರ ಒಮ್ಮೆ ಬದಲಾದರೆ ಮಾರಿಯೋ ಒಂದು ಹೆಜ್ಜೆ, ಸಂಗೀತ ಒಂದು ಹೆಜ್ಜೆ. 60ರ ಜಾಗದಲ್ಲಿ 50 ಬಂದರೆ ಇಡೀ ಲೋಕ ನಿಧಾನ. ನಿಂಟೆಂಡೊ ತಾನೇ ಯುರೋಪಿಗೆಂದು ಪ್ಯಾಲ್ ಯಂತ್ರ ಮಾಡಿದಾಗ ಚಿಪ್‌ಗಳ ತಾಳವನ್ನೂ ಬದಲಿಸಿತು, ಮೂರು ಬಿಂದುವಿನ ಜಾಗಕ್ಕೆ 3.2 ಬಿಂದು ಬಂತು. ಆದರೆ ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ತದ್ರೂಪು ಯಂತ್ರಗಳು: ಲಿಟಲ್ ಮಾಸ್ಟರ್ ಮತ್ತು ಹೆಸರೇ ಇಲ್ಲದ ಹತ್ತಾರು. ಅವುಗಳಿಗೆ ಬರುತ್ತಿದ್ದ ಕ್ಯಾಸೆಟ್‌ಗಳಲ್ಲಿದ್ದದ್ದು ಜಪಾನಿನ 60ರ ಲೆಕ್ಕದ ಆಟಗಳು, ಹೋಗಬೇಕಾದದ್ದು ಪ್ಯಾಲ್ ಟಿವಿಗೆ.

ತೈವಾನ್, ಚೀನಾಗಳ ಚಿಪ್ ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಪರಿಹಾರ ಜಾಣತನದ್ದು. ಎನ್‌ಟಿಎಸ್‌ಸಿ ಚಿತ್ರವೊಂದಕ್ಕೆ 262 ಗೆರೆ, ಪ್ಯಾಲ್ ಚಿತ್ರಕ್ಕೆ 312. ಅವರು ಮೂರು ಬಿಂದುವಿನ ಮೂಲ ತಾಳವನ್ನು ಹಾಗೇ ಉಳಿಸಿಕೊಂಡು, ಹೆಚ್ಚಿಗೆ ಬೇಕಾದ 50 ಗೆರೆಗಳನ್ನು ಚಿತ್ರ ಮುಗಿದ ಮೇಲೆ ಏನೂ ನಡೆಯದ ಬಿಡುವಾಗಿ ತುಂಬಿದರು. ಆ ಬಿಡುವು ಮುಗಿದ ನಂತರವೇ 'ಚಿತ್ರ ಮುಗಿಯಿತು' ಎಂಬ ಸೂಚನೆ ಪ್ರೊಸೆಸರ್‌ಗೆ ತಲುಪುತ್ತದೆ. ಹಾಗಾಗಿ ತಾನು ಜಪಾನಿನಲ್ಲೇ ಇದ್ದೇನೆ ಎಂದುಕೊಂಡು ಆಟ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ನಾಣ್ಯದ ಉಪಾಯವೂ ಕೆಡುವುದಿಲ್ಲ. ಸ್ವರಗಳ ಶ್ರುತಿಯೂ ಹೆಚ್ಚುಕಡಿಮೆ ಮೂಲದ್ದೇ, ಯಾಕೆಂದರೆ ಶ್ರುತಿ ಪ್ರೊಸೆಸರ್ ವೇಗದಿಂದ ಬರುತ್ತದೆ, ಲಯ ಚಿತ್ರದ ಎಣಿಕೆಯಿಂದ. ಶ್ರುತಿ ಅದೇ, ಲಯ ವಿಳಂಬ. ಅದನ್ನೇ ಕೇಳಿಕೊಂಡು ಬೆಳೆದ ಕಿವಿಗೆ ಮೂಲ ಆವೃತ್ತಿ ಅವಸರದ್ದಾಗಿ ಕೇಳಿದರೆ ಆಶ್ಚರ್ಯವೇನು?

ರಷ್ಯಾದಲ್ಲಿ ಇಂಥದೇ ಯಂತ್ರ ಡೆಂಡಿ ಎಂಬ ಹೆಸರಿನಲ್ಲಿ ಮನೆಮಾತಾಗಿತ್ತು. ಎಮ್ಯುಲೇಟರ್‌ಗಳಲ್ಲಿ ಈ ಕಾಲಗಣನೆಗೆ ಅದೇ ಹೆಸರು ಉಳಿದಿದೆ. ಆಟ ಓಡುತ್ತಿರುವಾಗ ಮೆನು ತೆರೆದು, ಕೋರ್ ಆಯ್ಕೆಗಳಲ್ಲಿ ರೀಜನ್ ಎಂಬಲ್ಲಿ ಆಟೋ, ಎನ್‌ಟಿಎಸ್‌ಸಿ, ಪ್ಯಾಲ್‌ಗಳ ಜೊತೆ ಡೆಂಡಿ ಇರುತ್ತದೆ. ಪ್ಯಾಲ್ ಎಂದು ಆರಿಸಿದರೆ ಯುರೋಪಿನ ಯಂತ್ರ ಬರುತ್ತದೆ, ನಮ್ಮದಲ್ಲ. ಡೆಂಡಿ ಒತ್ತಿ. ಮಾರಿಯೋ ತನ್ನ ಹಳೆಯ ನಡಿಗೆಗೆ ಬರುತ್ತಾನೆ. ಜೊತೆಗೆ ಕನ್ಸೋಲ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್‌ಗೆ ಅನುಮತಿ ಕೊಡುವುದನ್ನು ಮರೆಯಬೇಡಿ. 60ರಲ್ಲೇ ನಿಂತ ಟಿವಿಗೆ 50 ಚಿತ್ರ ಕಳಿಸಿದರೆ ಪ್ರತಿ ಐದರಲ್ಲಿ ಒಂದು ಚಿತ್ರ ಎರಡು ಸಲ ಕಾಣಿಸಿ, ಪರದೆ ಸರಿಯುವಾಗ ಜಗ್ಗಿದಂತಾಗುತ್ತದೆ.

'9999 ಇನ್ 1' ಎಂದು ಬರೆದಿರುತ್ತಿದ್ದ ಕ್ಯಾಸೆಟ್‌ಗಳ ಕಥೆಯೂ ಇದಕ್ಕೆ ಸೇರಿದ್ದೇ. ಒಳಗಿರುತ್ತಿದ್ದುದು ಕೆಲವೇ ಆಟಗಳು, ಉಳಿದದ್ದು ಅವುಗಳದೇ ಪುನರಾವರ್ತನೆ. ಆದರೆ ಹಲವು ಆಟಗಳನ್ನು ಒಂದೇ ಕ್ಯಾಸೆಟ್‌ನಲ್ಲಿಟ್ಟು ಬೇಕಾದ್ದನ್ನು ಮುಂದೆ ತರುವ ಸರ್ಕ್ಯೂಟ್‌ಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡಿದ್ದರು. ಆ ಒಂದೊಂದು ಸರ್ಕ್ಯೂಟನ್ನೂ ಎಮ್ಯುಲೇಟರ್‌ಗೆ ಪ್ರತ್ಯೇಕವಾಗಿ ಕಲಿಸಬೇಕು. ಅನಧಿಕೃತ ಕ್ಯಾಸೆಟ್‌ಗಳ ಇಂಥ ಸರ್ಕ್ಯೂಟ್‌ಗಳನ್ನು ಹೆಚ್ಚು ಬಲ್ಲ ಕೋರ್ ಎಂದು ಎಫ್‌ಸಿಇಯುಎಂಎಂಗೆ ಹೆಸರು. ಅದರಲ್ಲೂ ಡೆಂಡಿ ಆಯ್ಕೆ ಇದೆ. ಒಂದೇ ಯಂತ್ರಕ್ಕೆ ಹಲವು ಕೋರ್‌ಗಳು ಬೇಕಾಗುವುದು ಹೀಗೆ.

ಚಿತ್ರದ ಬಗ್ಗೆ ನನ್ನ ಅಭಿಪ್ರಾಯಗಳು ಖಚಿತ. ಅಗಲ ಟಿವಿ ತುಂಬುವಂತೆ ಎಳೆಯಬೇಡಿ, 4:3 ಅನುಪಾತದಲ್ಲೇ ಬಿಡಿ. ಒಂದೇ ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ತೋರಿಸಲಾರದ ಆ ಯಂತ್ರದಲ್ಲಿ ಶತ್ರುಗಳು ಗುಂಪುಗೂಡಿದಾಗ ಮಿಣುಕುತ್ತಿದ್ದರು. ಆ ಮಿತಿ ತೆಗೆಯುವ ಆಯ್ಕೆಯೂ ಇದೆ, ನಾನು ಅದನ್ನು ಮುಟ್ಟುವುದಿಲ್ಲ. ಸಿಆರ್‌ಟಿ ಶೇಡರ್‌ಗಳನ್ನು ಮಾತ್ರ ತಪ್ಪದೆ ಹಾಕಿ. ಹಳೆಯ ಟಿವಿಯ ಗೆರೆಗಳನ್ನೂ ಮಸುಕನ್ನೂ ಹೊಸ ಪರದೆಯ ಮೇಲೆ ಮೂಡಿಸುವ ಫಿಲ್ಟರ್‌ಗಳಿವು. 1991ರ ಸೋನಿಕ್ ಆಟದ ಜಲಪಾತಗಳನ್ನು ಸೆಗಾದ ಕಲಾವಿದರು ಒಂದು ಬಿಟ್ಟು ಒಂದು ಲಂಬ ಪಟ್ಟೆಗಳಾಗಿ ಬಿಡಿಸಿದ್ದರು. ಹಳೆಯ ಎವಿ ಕೇಬಲ್‌ನಲ್ಲಿ ಹಾದು ಬರುವಾಗ ಪಟ್ಟೆಗಳು ಬೆರೆತು ಪಾರದರ್ಶಕ ನೀರಾಗುತ್ತಿದ್ದವು. ಎಚ್‌ಡಿಎಂಐನಲ್ಲಿ ಅವು ಬರೀ ಕಂಬಿಗಳು. ಆ ಕೇಬಲ್‌ನ ಗುಣವನ್ನೂ ಅನುಕರಿಸುವ ಶೇಡರ್ ಹಾಕಿದರೆ ನೀರು ಮತ್ತೆ ನೀರಾಗುತ್ತದೆ. ಬಟನ್ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ತಡ ಅನ್ನಿಸಿದರೆ ಮೊದಲು ಟಿವಿಯ ಗೇಮ್ ಮೋಡ್ ಚಾಲೂ ಮಾಡಿ, ಆಮೇಲೆ ರೆಟ್ರೋಆರ್ಕ್‌ಗೆ 2018ರಲ್ಲಿ ಸೇರಿದ ರನ್-ಅಹೆಡ್ ನೋಡಿ. ಮುಂದಿನ ಚಿತ್ರವನ್ನು ಮೊದಲೇ ಲೆಕ್ಕ ಹಾಕಿ ತೋರಿಸುವ ವ್ಯವಸ್ಥೆ ಅದು.

ಕಾನೂನಿನ ಮಾತನ್ನು ನೇರವಾಗಿ ಹೇಳಬೇಕು. ಎಮ್ಯುಲೇಟರ್ ಬರೆಯುವುದೂ ಬಳಸುವುದೂ ತಾನಾಗಿ ಅಪರಾಧವಲ್ಲ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಹೂಡಿದ ದಾವೆಯಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟಿತು. ಆದರೆ ಎಲ್ಲೆ ದಾಟಿದರೆ ಪೆಟ್ಟು ಬೀಳುತ್ತದೆ. ಸ್ವಿಚ್ ಕನ್ಸೋಲ್‌ನ ಎಮ್ಯುಲೇಟರ್ ಯೂಜು ಮೇಲೆ 2024ರಲ್ಲಿ ನಿಂಟೆಂಡೊ ದಾವೆ ಹೂಡಿದಾಗ, ಅದನ್ನು ಮಾಡಿದವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಯೋಜನೆಯನ್ನೇ ಮುಚ್ಚಿದರು. ಆಟದ ಫೈಲುಗಳ ವಿಷಯ ಬೇರೆಯೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂಗೆ ನಷ್ಟದಿಂದ ರಕ್ಷಣೆಗೆಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು, ವಾಣಿಜ್ಯೇತರ ಸ್ವಂತ ಬಳಕೆಗೆ ಪ್ರತಿ ಮಾಡಲು ಅವಕಾಶ ಕೊಡುತ್ತದೆ. ನಿಮ್ಮ ಬಳಿ ಇರುವ ಅಸಲಿ ಕ್ಯಾಸೆಟ್‌ನಿಂದ ನೀವೇ ತೆಗೆದ ಪ್ರತಿ ಒಂದು ಬಗೆ. ಎಲ್ಲಿಂದಲೋ ಇಳಿಸಿಕೊಂಡ ಸಾವಿರ ಆಟಗಳ ಗಂಟು ಇನ್ನೊಂದು. ಆಟ ಹಳೆಯದಾಯಿತು ಎಂದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ. ಪ್ಲೇಸ್ಟೇಷನ್ ಕೋರ್ ಕೇಳುವ ಬಯೋಸ್ ಫೈಲ್ (ಯಂತ್ರವನ್ನು ಚಾಲೂ ಮಾಡುವ ಮೂಲ ಪ್ರೋಗ್ರಾಂ) ಕೂಡ ಸೋನಿಯದೇ ಸ್ವತ್ತು. ಕ್ಯಾಸೆಟ್ ಓದಿ ಫೈಲ್ ಮಾಡಿಕೊಡುವ ಸಣ್ಣ ಸಾಧನಗಳು ಸಿಗುತ್ತವೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಇದ್ದವರು ಅದನ್ನು ಬೇಗ ಮಾಡುವುದು ಒಳ್ಳೆಯದು. ಪ್ರಗತಿ ಉಳಿಸಿಡಲು ಕೆಲವು ಕ್ಯಾಸೆಟ್‌ಗಳಲ್ಲಿ ಹಾಕಿದ್ದ ಬ್ಯಾಟರಿಗಳು ಈಗ ಒಂದೊಂದಾಗಿ ಸಾಯುತ್ತಿವೆ.

ಕಂಪನಿಗಳೇ ಇದನ್ನೆಲ್ಲ ಉಳಿಸುತ್ತವೆ ಎಂದು ಕಾಯುವಂತಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಂಗಡಿ ಮುಚ್ಚಿದ ಮೇಲೆ ದುಡ್ಡು ಹಿಡಿದು ನಿಂತರೂ ಕೊಡುವವರಿಲ್ಲ.

ಕ್ಯಾಸೆಟ್ ಉಳಿದಿಲ್ಲ, ತಪ್ಪು ದಾರಿಯೂ ಬೇಡ ಎನ್ನುವವರು ಹೊಸ ಆಟಗಳಿಂದ ಶುರು ಮಾಡಬಹುದು. 1983ರ ಆ ಯಂತ್ರಕ್ಕೆ ಇಂದಿಗೂ ಆಟ ಬರೆಯುವವರಿದ್ದಾರೆ. ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ತಂದ ಮೈಕ್ರೋ ಮೇಜಸ್ ಅನ್ನು ಸೂಪರ್ ಮಾರಿಯೋದಷ್ಟೇ 40 ಕಿಲೋಬೈಟ್‌ನಲ್ಲಿ ಹಿಡಿಸಿದ್ದಾರೆ, ನಾಲ್ವರು ಒಟ್ಟಿಗೆ ಕೂತು ಆಡಬಹುದು. ಕೊಂಡರೆ ಆಟದ ಫೈಲನ್ನೇ ಕೊಡುತ್ತಾರೆ. ನೋವಾ ದಿ ಸ್ಕ್ವಿರಲ್ ಪೂರ್ತಿ ಉಚಿತ, ಅದರ ಮೂಲ ಸಂಕೇತವನ್ನೂ ತೆರೆದಿಟ್ಟಿದ್ದಾರೆ. ಅನುಮತಿ ಕೊಟ್ಟು ಸಿದ್ಧ ಮಾಡಿಟ್ಟ ಅದೇ ಪೆನ್‌ಡ್ರೈವ್‌ಗೆ ಈ ಫೈಲುಗಳನ್ನು ಹಾಕಿ, ಮೆಸೆನ್ ಕೋರ್‌ನಲ್ಲಿ ತೆರೆದರೆ ಸಾಕು.